ಓದುಗರ ಮೂರು ಸಂದೇಹಗಳು: ಕೌಶಿಕ, ಕಾಮಲತೆ, ಮಾಯೆ

ಶ್ರಾವಣಮಾಸದಲ್ಲಿ ಮಠಮಂದಿರಗಳಲ್ಲಿ ನಡೆಯುವ ಪುರಾಣ ಪ್ರವಚನವು ಮಂಗಳಗೊಂಡು, ಜನರು ಪ್ರಸಾದಕ್ಕೆಂದು ಏಳುವ ಹೊತ್ತಿನಲ್ಲಿ ಒಬ್ಬಿಬ್ಬರು ಶ್ರೋತೃಗಳು ಪ್ರವಚನಕಾರರ ಬಳಿಗೆ ಬಂದು ನಿಲ್ಲುವುದುಂಟು. ಸಭೆಯಲ್ಲಿ ಕೇಳಲು ಸಂಕೋಚಪಟ್ಟ ಮಾತನ್ನು ಅವರು ಆಗ ಮೆಲ್ಲನೆ ಕೇಳುತ್ತಾರೆ. “ಅಕ್ಕಮಹಾದೇವಿಗೆ ಕೌಶಿಕನೊಡನೆ ಮದುವೆಯಾಗಿತ್ತೆ, ಇಲ್ಲವೆ?” ಎಂಬುದು ಅಂಥ ಪ್ರಶ್ನೆಗಳಲ್ಲಿ ಮೊದಲನೆಯದು. ಕಾಲೇಜಿನ ವಿದ್ಯಾರ್ಥಿ ಇದನ್ನೇ ಇನ್ನೊಂದು ರೀತಿಯಲ್ಲಿ ಕೇಳುತ್ತಾನೆ: “ಹರಿಹರನ ರಗಳೆಯಲ್ಲಿ ಮದುವೆಯಾಗಿದೆ, ಚಾಮರಸನ ಪ್ರಭುಲಿಂಗಲೀಲೆಯಲ್ಲಿ ಆಗಿಲ್ಲ. ಇವೆರಡರಲ್ಲಿ ನಿಜ ಯಾವುದು?”

ಇಂಥ ಪ್ರಶ್ನೆಗಳನ್ನು ಕುತೂಹಲದ ಮಾತೆಂದು ತಳ್ಳಿಹಾಕುವುದು ಸರಿಯಲ್ಲ. ಶ್ರದ್ಧೆಯ ಕೊರತೆಯೆಂದು ಗದರುವುದಂತೂ ಸಲ್ಲದು. ಕಥೆಯನ್ನು ಅಕ್ಕರೆಯಿಂದ ಕೇಳಿದವನಿಗೇ ಅದರ ಎಳೆ ಎಲ್ಲಿ ತಪ್ಪಿತೆಂಬುದು ಕಾಣುತ್ತದೆ. ಓದುಗರು ಕೇಳುವ ಪ್ರಶ್ನೆಗಳು ಸಾಮಾನ್ಯವಾಗಿ ಮೂರು ಬಗೆಯವು. ಏನು ನಡೆಯಿತು ಎಂಬುದು ಕಥೆಯ ಪ್ರಶ್ನೆ. ಇವರು ಯಾರು, ಏಕೆ ಹೀಗೆ ನಡೆದುಕೊಂಡರು ಎಂಬುದು ಪಾತ್ರದ ಪ್ರಶ್ನೆ. ಇದರಿಂದ ಏನನ್ನು ತಿಳಿಯಬೇಕು ಎಂಬುದು ಅರ್ಥದ ಪ್ರಶ್ನೆ. ಅಕ್ಕನ ಮದುವೆಯ ಸಂದೇಹವು ಮೇಲುನೋಟಕ್ಕೆ ಕಥೆಯ ಪ್ರಶ್ನೆಯಾಗಿ ಕಂಡರೂ, ಬಿಡಿಸುತ್ತ ಹೋದಂತೆ ಅದು ಉಳಿದೆರಡು ಪ್ರಶ್ನೆಗಳ ಬಾಗಿಲನ್ನೂ ತೆರೆಯುತ್ತದೆ. ಆದಕಾರಣ ಅದನ್ನು ಮೊದಲು ಪರಿಶೀಲಿಸಿ, ಅದಕ್ಕೆ ಜೊತೆಯಾದ ಅಲ್ಲಮಪ್ರಭುದೇವರ ಕಥೆಯ ಸಂದೇಹವನ್ನೂ, ಮಾಯೆಯ ಪಾತ್ರದ ಸಂದೇಹವನ್ನೂ ಅದರ ಬೆನ್ನಲ್ಲಿ ನೋಡುವುದು ಉಚಿತ.

ಕಥೆಯ ಪ್ರಶ್ನೆ: ಮದುವೆ ನಡೆಯಿತೆ?

ಹಂಪೆಯ ಹರಿಹರನು ಹನ್ನೆರಡನೆಯ ಶತಮಾನದ ಕೊನೆಗೋ ಹದಿಮೂರನೆಯ ಶತಮಾನದ ಮೊದಲ ಭಾಗದಲ್ಲಿಯೋ ಇದ್ದ ಕವಿ. ಅವನ ಕಾಲದ ವಿಷಯದಲ್ಲಿ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯಗಳಿದ್ದರೂ ಕಲ್ಯಾಣದ ಶರಣರ ಕಾಲಕ್ಕೆ ಅವನು ಬಹಳ ದೂರದವನಲ್ಲ. ಅವನ ಮಹಾದೇವಿಯಕ್ಕನ ರಗಳೆಯಲ್ಲಿ ಉಡುತಡಿಯ ಶಿವಭಕ್ತ ದಂಪತಿಗಳ ಮಗಳಾದ ಮಹಾದೇವಿಯನ್ನು ಅರಸನಾದ ಕೌಶಿಕನು ಕಂಡು ಮೋಹಿಸುತ್ತಾನೆ. ಅವನು ಭವಿ, ಆಕೆ ಹುಟ್ಟಿನಿಂದಲೇ ಶಿವನಿಗೆ ಒಲಿದವಳು. ಒಪ್ಪದಿದ್ದರೆ ತಂದೆತಾಯಿಗಳಿಗೆ ಅರಸನಿಂದ ಕೇಡು ತಪ್ಪದು. ಈ ಇಕ್ಕಟ್ಟಿನಲ್ಲಿ ಮಹಾದೇವಿ ತನ್ನ ಕರಾರನ್ನು ಮುಂದಿಡುತ್ತಾಳೆ. ಶಿವಲಿಂಗಪೂಜೆಯಲ್ಲಿ, ಮಾಹೇಶ್ವರರ ಗೋಷ್ಠಿಯಲ್ಲಿ, ಗುರುಸೇವೆಯಲ್ಲಿ ತನ್ನ ಇಚ್ಛೆಯೇ ನಡೆಯಬೇಕು. ಇದಕ್ಕೆ ವಿರುದ್ಧವಾಗಿ ಅರಸನು ನಡೆದರೆ ಮೂರು ತಪ್ಪಿನವರೆಗೆ ಸೈರಿಸುವಳು, ಅನಂತರ ಅವನಿಗೂ ತನಗೂ ಸಂಬಂಧವಿಲ್ಲ. ಕೌಶಿಕನು ಒಪ್ಪುತ್ತಾನೆ, ಮದುವೆ ನಡೆಯುತ್ತದೆ. ಮಹಾದೇವಿ ಅರಮನೆಯಲ್ಲಿ ಅವನ ಮಡದಿಯಾಗಿ ಇರುತ್ತಾಳೆ, ಮನಸ್ಸು ಮಾತ್ರ ಚೆನ್ನಮಲ್ಲಿಕಾರ್ಜುನನಲ್ಲಿ. ಆಡಿದ ಮಾತು ಮೂರು ಬಾರಿ ಮುರಿಯುತ್ತದೆ. ಮೂರನೆಯ ಮುರಿತದೊಡನೆ ಆಕೆ ಉಡುಗೆ ಒಡವೆಗಳನ್ನು ಅಲ್ಲಿಯೇ ಬಿಟ್ಟು ಶ್ರೀಶೈಲದ ದಾರಿ ಹಿಡಿಯುತ್ತಾಳೆ. ಹೆತ್ತವರ ಮಮತೆಯಾಗಲಿ, ಬೆನ್ನಟ್ಟಿ ಬಂದ ಕೌಶಿಕನ ಆಸೆಯಾಗಲಿ ಅಲ್ಲಿ ಆಕೆಯನ್ನು ಕದಲಿಸಲಾರದೆ ಹೋಗುತ್ತವೆ.

ಚಾಮರಸನು ವಿಜಯನಗರದ ಪ್ರೌಢದೇವರಾಯನ ಕಾಲದವನು. ಆ ಅರಸನ ಆಳ್ವಿಕೆ ೧೪೨೪ರಿಂದ ೧೪೪೬ರವರೆಗಿನದು. ಭಾಮಿನೀ ಷಟ್ಪದಿಯಲ್ಲಿ, ಇಪ್ಪತ್ತೈದು ಗತಿಗಳಲ್ಲಿ ರಚಿತವಾದ ಪ್ರಭುಲಿಂಗಲೀಲೆಯ ನಾಯಕರು ಅಲ್ಲಮಪ್ರಭುದೇವರು; ಅಕ್ಕನ ಕಥೆ ಅದರ ಒಂದು ಭಾಗ. ಇಲ್ಲಿಯೂ ಕೌಶಿಕನಿದ್ದಾನೆ, ಅವನ ಮೋಹವಿದೆ, ಅರಮನೆಯಿದೆ, ಕರಾರಿನ ಮಾತಿದೆ. ಆದರೆ ಆ ಮಾತಿಗೆ ಅರಸನು ನಿಲ್ಲಲಾರದೆ ಹೋದುದರಿಂದ ಮದುವೆ ನಡೆಯುವುದೇ ಇಲ್ಲ. ಮಹಾದೇವಿ ಅರಮನೆಯ ಹೊಸ್ತಿಲನ್ನು ದಾಟಿ ಕೂದಲನ್ನೇ ಉಡುಗೆಯಾಗಿಸಿಕೊಂಡು ಹೊರಡುತ್ತಾಳೆ. ಕಲ್ಯಾಣಕ್ಕೆ ಬಂದು ಶರಣರ ಸಭೆಯಲ್ಲಿ ಪರೀಕ್ಷೆಗೆ ಒಳಗಾಗಿ, ಅನಂತರ ಶ್ರೀಶೈಲದ ಕದಳಿಗೆ ಸಾಗುತ್ತಾಳೆ.

ಮಠಗಳಲ್ಲಿ ಪುರಾಣವಾಗಿ ಹೆಚ್ಚು ಓದಿಸಿಕೊಂಡು ಬಂದುದು ಪ್ರಭುಲಿಂಗಲೀಲೆ. ಅದು ತೆಲುಗು, ತಮಿಳು ಭಾಷೆಗಳಿಗೂ ಹೋಯಿತು; ತಮಿಳಿನಲ್ಲಿ ಹದಿನೇಳನೆಯ ಶತಮಾನದ ಶಿವಪ್ರಕಾಶಸ್ವಾಮಿಗಳು ಅದನ್ನು ಕಾವ್ಯವಾಗಿ ತಂದರು. ಹೀಗಾಗಿ ಜನರ ಮನಸ್ಸಿನಲ್ಲಿ ನೆಲೆನಿಂತ ಅಕ್ಕನ ಕಥೆ ಚಾಮರಸನದು. ಕಳೆದ ಶತಮಾನದಲ್ಲಿ ಹರಿಹರನ ರಗಳೆಗಳು ಅಚ್ಚಾಗಿ, ಕನ್ನಡ ತರಗತಿಗಳಿಗೆ ಪಠ್ಯವಾಗಿ ಬಂದಾಗ ಎರಡು ಕಥೆಗಳೂ ಒಂದೇ ಮನೆಯಲ್ಲಿ ಎದುರುಬದುರಾದವು. ಮನೆಯಲ್ಲಿ ಅಜ್ಜಿ ಹೇಳಿದ ಅಕ್ಕ ಮದುವೆಯಾಗದ ಕನ್ನಿಕೆ; ಮೊಮ್ಮಗಳ ಪುಸ್ತಕದ ಅಕ್ಕ ಅರಸನ ಮನೆಯನ್ನು ತೊರೆದು ಬಂದ ಮಡದಿ. ಸಂದೇಹವು ಹುಟ್ಟಿದ ಜಾಗ ಇದು.

ನಿರ್ಣಯಕ್ಕೆ ಎರಡು ದಾರಿ, ಎರಡರಲ್ಲಿಯೂ ತೊಡಕು

ಈ ತೊಡಕನ್ನು ಬಿಡಿಸಲು ಸಾಮಾನ್ಯವಾಗಿ ಹಿಡಿಯುವ ಮೊದಲ ದಾರಿ ಕಾಲಸಾಮೀಪ್ಯದ್ದು. ಹರಿಹರನು ಅಕ್ಕನ ಕಾಲಕ್ಕೆ ಹತ್ತಿರದವನು, ಚಾಮರಸನು ಇನ್ನೂರು ವರ್ಷಕ್ಕೂ ಮಿಕ್ಕು ದೂರದವನು. ಆದುದರಿಂದ ಹರಿಹರನ ಮಾತೇ ಪ್ರಮಾಣ ಎಂಬುದು ಈ ವಾದ. ವಾದಕ್ಕೆ ಬಲವಿಲ್ಲದಿಲ್ಲ. ಆದರೆ ಇದನ್ನು ಒಪ್ಪುವವರು ಇದರ ಪರಿಣಾಮವನ್ನೂ ಒಪ್ಪಬೇಕಾಗುತ್ತದೆ. ಹರಿಹರನ ರಗಳೆಯಲ್ಲಿ ಅಕ್ಕ ಕಲ್ಯಾಣಕ್ಕೆ ಬರುವುದೇ ಇಲ್ಲ. ಅಲ್ಲಮಪ್ರಭುಗಳೊಡನೆ ನಡೆದ ಆ ಪ್ರಸಿದ್ಧ ಸಂವಾದವೂ ಅಲ್ಲಿಲ್ಲ. ಸಾಮೀಪ್ಯವೊಂದೇ ಪ್ರಮಾಣವಾದರೆ ಅಕ್ಕನನ್ನು ಕಲ್ಯಾಣದ ಶರಣಗೋಷ್ಠಿಯಿಂದ ಹೊರಗೆ ಕಳುಹಿಸಬೇಕಾಗುತ್ತದೆ. ಆದರೆ ಬಸವಣ್ಣನವರನ್ನೂ ಪ್ರಭುದೇವರನ್ನೂ ಹೆಸರಿಸಿ ಸ್ತುತಿಸುವ ವಚನಗಳು ಅಕ್ಕನ ಅಂಕಿತದಲ್ಲಿವೆ. ಹರಿಹರನು ಹೇಳದೆ ಬಿಟ್ಟದ್ದು ನಡೆಯಲಿಲ್ಲವೆಂದು ತಿಳಿಯುವಂತಿಲ್ಲ. ಹೇಳಿದ್ದೆಲ್ಲವೂ ಹಾಗೆಯೇ ನಡೆಯಿತೆಂದೂ ತಿಳಿಯುವಂತಿಲ್ಲ. ಅವನ ಕಥೆಯೂ ಚಾಮರಸನ ಕಥೆಯಂತೆ ಕೈಲಾಸದಿಂದಲೇ ಆರಂಭವಾಗುವುದೆಂಬುದನ್ನು ನೆನೆದರೆ, ಇಬ್ಬರಲ್ಲಿ ಯಾರೂ ಚರಿತ್ರೆಯ ದಾಖಲೆಯನ್ನು ಬರೆಯಲು ಕುಳಿತವರಲ್ಲವೆಂಬುದು ಸ್ಪಷ್ಟವಾಗುತ್ತದೆ.

ಎರಡನೆಯ ದಾರಿ ವಚನಗಳದು. ಅಕ್ಕನ ಮಾತಿಗಿಂತ ಮಿಗಿಲಾದ ಸಾಕ್ಷಿ ಬೇರೆ ಯಾವುದು ಎಂದು ಕೇಳುವುದು ಸಹಜ. ಫ. ಗು. ಹಳಕಟ್ಟಿಯವರ ವಚನಶಾಸ್ತ್ರಸಾರವು ೧೯೨೩ರಲ್ಲಿ ಪ್ರಕಟವಾದಂದಿನಿಂದ ವಚನಗಳು ಎಲ್ಲರ ಕೈಗೆಟಕುವಂತಾಗಿ, ಅವುಗಳಲ್ಲಿ ಶರಣರ ಬಾಳಿನ ಸುಳುಹುಗಳನ್ನು ಹುಡುಕುವ ಪ್ರಯತ್ನವೂ ಬೆಳೆಯಿತು. ಅಕ್ಕನ ವಚನಗಳಲ್ಲಿ ಗಂಡನ ಮಾತು ಪದೇಪದೇ ಬರುತ್ತದೆ. ಸಾವು ಕೇಡಿಲ್ಲದ ಚೆನ್ನಮಲ್ಲಿಕಾರ್ಜುನನೇ ತನ್ನ ಗಂಡನೆಂದೂ ಲೋಕದ ಗಂಡಂದಿರು ತನಗೆ ಬೇಡವೆಂದೂ ಆಕೆ ಹೇಳುತ್ತಾಳೆ. ಇನ್ನೊಂದು ವಚನದಲ್ಲಿ ಮಾಯೆಯನ್ನು ಅತ್ತೆಯೆಂದೂ ಸಂಸಾರವನ್ನು ಮಾವನೆಂದೂ ಕರೆದು ಮನೆವಾರ್ತೆಯ ರೂಪಕವನ್ನೇ ಕಟ್ಟುತ್ತಾಳೆ. ಇವುಗಳನ್ನು ಓದಿ, ಅನುಭವವಿಲ್ಲದೆ ಇಂಥ ಮಾತು ಬಂದೀತೆ, ಆದುದರಿಂದ ಮದುವೆಯಾಗಿತ್ತು ಎನ್ನುವವರುಂಟು. ಶಿವನನ್ನಲ್ಲದೆ ಅನ್ಯರನ್ನು ಗಂಡನೆನ್ನದವಳಿಗೆ ಮದುವೆ ಎಲ್ಲಿಯದು ಎಂದು ಅದೇ ವಚನಗಳನ್ನೇ ತೋರಿಸುವವರೂ ಉಂಟು. ಒಂದೇ ವಚನವು ಎರಡು ವಾದಗಳಿಗೂ ಸಾಕ್ಷಿ ಹೇಳುವಂತಾದರೆ ದೋಷವು ವಚನದ್ದಲ್ಲ, ಅದನ್ನು ಸಾಕ್ಷಿಕಟ್ಟೆಗೆ ಎಳೆದವರದು. ವಚನವು ಅನುಭಾವದ ನುಡಿ. ಅದರಲ್ಲಿ ಅತ್ತೆ ಮಾವಂದಿರು ಬಂದರೆ ಅವರು ಉಡುತಡಿಯ ಅತ್ತೆ ಮಾವಂದಿರೇ ಆಗಬೇಕಿಲ್ಲ.

ಹೀಗೆ ಎರಡು ದಾರಿಗಳೂ ಪೂರ್ಣನಿರ್ಣಯಕ್ಕೆ ತಲುಪುವುದಿಲ್ಲ. ಆದರೆ ಪರಿಶೀಲನೆ ಇಲ್ಲಿಗೆ ನಿಲ್ಲಬೇಕಾಗಿಲ್ಲ. ಯಾವ ಕಥೆ ನಿಜ ಎಂಬುದನ್ನು ಬಿಟ್ಟು, ಒಬ್ಬ ಕವಿಗೆ ಮದುವೆ ಏಕೆ ಬೇಕಾಯಿತು, ಇನ್ನೊಬ್ಬನಿಗೆ ಅದು ಏಕೆ ಬೇಡವಾಯಿತು ಎಂದು ಕೇಳಿದರೆ ಕಾವ್ಯಗಳೇ ಉತ್ತರ ಹೇಳತೊಡಗುತ್ತವೆ. ಆ ಉತ್ತರವನ್ನು ಕಾಣಲು ಅಲ್ಲಮಪ್ರಭುದೇವರ ಕಥೆಯ ಕಡೆಗೆ ಒಮ್ಮೆ ತಿರುಗಬೇಕು.

ಪಾತ್ರದ ಪ್ರಶ್ನೆ: ಕಾಮಲತೆಯೇ ಮಾಯೆಯೆ?

ಓದುಗರ ಎರಡನೆಯ ಸಂದೇಹ ಇದು: ಹರಿಹರನ ಪ್ರಭುದೇವರ ರಗಳೆಯಲ್ಲಿ ಬರುವ ಕಾಮಲತೆ ಪ್ರಭುಲಿಂಗಲೀಲೆಯಲ್ಲಿ ಏಕೆ ಕಾಣಿಸುವುದಿಲ್ಲ? ಅಲ್ಲಿಯ ಮಾಯೆ ಇವಳೇ ಏನು?

ಹರಿಹರನ ಅಲ್ಲಮನು ಬಳ್ಳಿಗಾವೆಯ ಮದ್ದಳೆಕಾರ. ಬಳ್ಳಿಗಾವೆಯೂ, ಅಕ್ಕನ ಊರೆಂದು ಗುರುತಿಸಲ್ಪಟ್ಟಿರುವ ಉಡುತಡಿಯೂ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ಒಂದೇ ಸೀಮೆಯವು. ಆ ಮದ್ದಳೆಕಾರನು ಕಾಮಲತೆಯನ್ನು ಒಲಿದು, ಅವಳಲ್ಲದೆ ಲೋಕವೇ ಇಲ್ಲವೆಂಬಂತೆ ಅವಳೊಡನೆ ಬಾಳುತ್ತಾನೆ. ಕಾಮಲತೆ ಜ್ವರದಿಂದ ಅಕಾಲದಲ್ಲಿ ಸಾಯುತ್ತಾಳೆ. ಅಲ್ಲಮನಿಗೆ ಲೋಕವೆಲ್ಲ ಬರಿದಾಗುತ್ತದೆ. ಅವಳ ಹೆಸರನ್ನು ಹಲುಬುತ್ತ, ಮೈಮೇಲೆ ಎಚ್ಚರವಿಲ್ಲದೆ ಅಲೆಯುತ್ತ ಒಂದು ತೋಪಿಗೆ ಬಂದು ಕುಳಿತು, ಕಾಲುಗುರಿನಿಂದ ನೆಲವನ್ನು ಕೆದಕುತ್ತಿರುವಾಗ ಮಣ್ಣಿನೊಳಗಿಂದ ಹೊನ್ನಿನ ಕಳಶದ ತುದಿ ಕಾಣುತ್ತದೆ. ಅಗೆಸಿ ನೋಡಿದರೆ ಹೂತುಹೋದ ದೇಗುಲ. ಬಾಗಿಲು ತೆರೆದರೆ ಒಳಗೆ ಕರಸ್ಥಲದಲ್ಲಿ ಲಿಂಗವನ್ನಿಟ್ಟುಕೊಂಡು ಎವೆಯಿಕ್ಕದೆ ಕುಳಿತ ಅನಿಮಿಷಯ್ಯ. ಆ ಲಿಂಗವು ಅಲ್ಲಮನ ಕೈಗೆ ಬರುತ್ತದೆ. ಅನಿಮಿಷಯ್ಯನ ಪ್ರಾಣವು ಅಲ್ಲಿಯೇ ನಿಲ್ಲುತ್ತದೆ. ಮೋಹದ ವಸ್ತುವನ್ನು ಕಳೆದುಕೊಂಡವನ ಕಾಲುಗುರಿಗೆ ಮೋಕ್ಷದ ಕಳಶವು ತಗುಲಿದ ಈ ಪ್ರಸಂಗವು ಕನ್ನಡ ಸಾಹಿತ್ಯದ ಮರೆಯಲಾಗದ ಪ್ರಸಂಗಗಳಲ್ಲಿ ಒಂದು.

ಪ್ರಭುಲಿಂಗಲೀಲೆಯಲ್ಲಿ ಈ ವಿರಹವೇ ಇಲ್ಲ. ಕೈಲಾಸದಲ್ಲಿ ಶಿವಪಾರ್ವತಿಯರ ನಡುವೆ ಮಾತು ಹುಟ್ಟುತ್ತದೆ. ತನ್ನ ಮಾಯೆಯನ್ನು ಮೀರಿದವರುಂಟೆ ಎಂದು ದೇವಿ ಕೇಳುತ್ತಾಳೆ. ಅಲ್ಲಮನು ಮೀರಿದವನೆಂದು ಶಿವನು ಹೇಳುತ್ತಾನೆ. ಅದನ್ನು ಪರೀಕ್ಷಿಸಲು ದೇವಿಯ ತಾಮಸಕಳೆಯು ಬನವಸೆಯ ಅರಸನ ಮಗಳಾಗಿ, ಮಾಯೆಯೆಂಬ ಹೆಸರಿನಿಂದಲೇ ಹುಟ್ಟುತ್ತದೆ. ಅರಸನ ಹೆಸರು ಮಮಕಾರ, ಅರಸಿಯ ಹೆಸರು ಮೋಹಿನಿ. ಅಲ್ಲಮನ ತಂದೆ ನಿರಹಂಕಾರ, ತಾಯಿ ಸುಜ್ಞಾನಿ. ಹೆಸರುಗಳನ್ನು ಕೇಳಿದ ಕೂಡಲೆ ಇದು ಯಾವ ಬಗೆಯ ಕಥೆಯೆಂಬುದು ತಿಳಿಯುತ್ತದೆ: ಮಮಕಾರಕ್ಕೂ ಮೋಹಕ್ಕೂ ಹುಟ್ಟಿದ್ದು ಮಾಯೆ, ಅಹಂಕಾರವಳಿದು ಜ್ಞಾನ ಕೂಡಿದಲ್ಲಿ ತೋರಿದ್ದು ಅಲ್ಲಮ. ಮದ್ದಳೆಯ ನಾದಕ್ಕೆ ಮಾಯೆ ಮರುಳಾಗುತ್ತಾಳೆ. ಅವನು ಕೈಗೆ ಸಿಕ್ಕನೆಂದು ಬಗೆಯುವಷ್ಟರಲ್ಲಿ ಜಾರುತ್ತಾನೆ. ಕೊನೆಗೆ ಅವಳದು ಬರಿಗೈ.

ಆದುದರಿಂದ ಕಾಮಲತೆಯೇ ಮಾಯೆಯೆ ಎಂಬ ಪ್ರಶ್ನೆಗೆ ಉತ್ತರ: ಅಲ್ಲ. ಕಥೆಯಲ್ಲಿ ಅವರಿಬ್ಬರ ಸ್ಥಾನ ಒಂದೇ, ಸ್ವರೂಪ ಬೇರೆ. ಕಾಮಲತೆ ಜ್ವರ ಬಂದರೆ ಸಾಯುವ ಹೆಣ್ಣು. ಮಾಯೆ ಸಾಯುವವಳಲ್ಲ, ಸೋಲುವವಳು. ಕಾಮಲತೆಗೆ ಅಲ್ಲಮನು ಸೋತಿದ್ದಾನೆ; ಮಾಯೆಗೆ ಅವನು ಎಂದೂ ಸೋಲನು. ಅನಿಮಿಷನ ಪ್ರಸಂಗವನ್ನು ಇಬ್ಬರು ಕವಿಗಳೂ ಉಳಿಸಿಕೊಂಡಿದ್ದಾರೆ. ಆದರೆ ಹರಿಹರನಲ್ಲಿ ಆ ನೆಲವನ್ನು ಕೆದಕಿದ ಕಾಲುಗುರು ದುಃಖಿಯದು; ಚಾಮರಸನಲ್ಲಿ ಅನಿಮಿಷನೆಡೆಗೆ ಬರುವವನು ಗೆದ್ದವನು.

ಕವಿಗಳ ಪ್ರತಿಜ್ಞೆ

ಈಗ ಎರಡು ಕಥೆಗಳನ್ನು ಒಟ್ಟಿಗೆ ಇಟ್ಟು ನೋಡಬಹುದು. ಹರಿಹರನಲ್ಲಿ ಅಕ್ಕನಿಗೂ ಸಂಸಾರದ ಅನುಭವವಿದೆ, ಅಲ್ಲಮನಿಗೂ ಇದೆ. ಚಾಮರಸನಲ್ಲಿ ಇಬ್ಬರಿಗೂ ಇಲ್ಲ. ಇದು ಆಕಸ್ಮಿಕವಲ್ಲ. ಅಕ್ಕನ ಮದುವೆಯ ಸಂಗತಿಯನ್ನೊಂದನ್ನೇ ಹಿಡಿದು ಚರ್ಚಿಸುವಾಗ ಕಾಣದ ಸೂತ್ರವು ಇಲ್ಲಿ ಕಾಣುತ್ತದೆ.

ಚಾಮರಸನು ತನ್ನ ಕಾವ್ಯದ ಆರಂಭದಲ್ಲಿಯೇ ಒಂದು ಪ್ರತಿಜ್ಞೆ ಮಾಡಿದ್ದಾನೆ. ಹುಟ್ಟಿ, ಕರ್ಮದಲ್ಲಿ ತೊಳಲಿ, ಸಾಯುವವರ ಕಥೆ ತನ್ನದಲ್ಲವೆಂಬುದು ಅದರ ಭಾವ. ಹುಟ್ಟುಸಾವುಗಳನ್ನು ಮೀರಿದ ಚೈತನ್ಯದ ಲೀಲೆಯನ್ನು ಹೇಳಲು ಹೊರಟ ಕವಿಗೆ, ಸತ್ತ ಮಡದಿಗಾಗಿ ಹಲುಬುವ ನಾಯಕನು ಒದಗುವಂತಿಲ್ಲ. ಕಾವ್ಯದ ಹೆಸರಿನಲ್ಲಿಯೇ ‘ಲೀಲೆ’ಯಿದೆ. ಲೀಲೆಗಾಗಿ ಬಂದವನಿಗೆ ಬಂಧನವಿಲ್ಲ. ಬಂಧನವಿಲ್ಲದವನಿಗೆ ಬಿಡುಗಡೆಯ ಕಥೆಯೂ ಇಲ್ಲ. ಅವನು ಬರುವುದು ಇತರರನ್ನು ಬಿಡಿಸಲು. ಅದೇ ಕಾವ್ಯದಲ್ಲಿ ಅಕ್ಕ ಪಾರ್ವತಿಯ ಸಾತ್ತ್ವಿಕಕಳೆಯಾಗಿ ಅವತರಿಸಿದವಳು. ಶಿವನ ಅರ್ಧಾಂಗಿಯ ಕಳೆಯೇ ಭವಿಯೊಬ್ಬನಿಗೆ ಮಡದಿಯಾಗುವುದು ಆ ಕಥೆಯ ನ್ಯಾಯಕ್ಕೆ ಹೊಂದುವುದಿಲ್ಲ. ಅಲ್ಲಿ ಮದುವೆ ನಡೆಯದಿರುವುದು ಕಾವ್ಯದ ತಳಹದಿಯಿಂದ ಬಂದ ಅನಿವಾರ್ಯತೆ.

ಹರಿಹರನ ಮನೋಧರ್ಮವನ್ನು ತಿಳಿಯಲು ಅವನ ನಂಬಿಯಣ್ಣನ ರಗಳೆಯನ್ನು ನೋಡಬೇಕು. ತಮಿಳುನಾಡಿನ ಶಿವಭಕ್ತರಾದ ಸುಂದರಮೂರ್ತಿಗಳೇ ಈ ನಂಬಿಯಣ್ಣ. ಪರವೆ, ಸಂಕಿಲೆ ಎಂಬ ಇಬ್ಬರು ಹೆಂಡಿರ ಒಲವಿನಲ್ಲಿ ಸಿಲುಕಿ, ಸಂಕಿಲೆಗೆ ಕೊಟ್ಟ ಮಾತನ್ನು ಮುರಿದು ಕಣ್ಣು ಕಳೆದುಕೊಂಡು, ಮುನಿದ ಪರವೆಯನ್ನು ಒಲಿಸಲು ಶಿವನನ್ನೇ ಅವಳ ಮನೆಗೆ ದೂತನಾಗಿ ಕಳುಹಿಸಿದ ಭಕ್ತ ಅವನು. ಹರಿಹರನು ಈ ಕಥೆಯನ್ನು ಮುಚ್ಚುಮರೆಯಿಲ್ಲದೆ, ಸಂಭ್ರಮದಿಂದ ಹೇಳುತ್ತಾನೆ. ಗಂಡಹೆಂಡಿರ ಜಗಳವನ್ನು ಬಿಡಿಸಲು ಇರುಳಿನಲ್ಲಿ ಬೀದಿಗಿಳಿದು ನಡೆಯುವ ಶಿವನನ್ನು ಕಂಡ ಕವಿಗೆ, ಸಂಸಾರವು ಭಕ್ತಿಯನ್ನು ಮೈಲಿಗೆ ಮಾಡುತ್ತದೆಂಬ ಅಂಜಿಕೆ ಇರಲಾರದು. ಭಕ್ತನು ಎಲ್ಲಿ ಬಿದ್ದಿದ್ದಾನೋ ಅಲ್ಲಿಗೇ ಶಿವನು ಬರುತ್ತಾನೆ ಎಂಬುದು ಅವನ ರಗಳೆಗಳ ಒಳಗಿನ ನಂಬಿಕೆ. ಕಾಮಲತೆಯ ಸಾವಿನಲ್ಲಿ ಅಲ್ಲಮನಿಗೆ ಬಂದಂತೆ, ಕೌಶಿಕನ ಅರಮನೆಯಲ್ಲಿ ಅಕ್ಕನಿಗೂ ಬರುತ್ತಾನೆ.

ಮೊದಲ ಪ್ರಶ್ನೆಗೆ ಮರಳಿ

ಹರಿಹರನ ಕಥೆಯಲ್ಲಿ ಮದುವೆ ಮಾಡುವ ಕೆಲಸವೇನೆಂಬುದನ್ನು ಈಗ ನೋಡಬೇಕು. ಅಕ್ಕ ಮುಂದಿಟ್ಟ ಕರಾರಿನ ಮೂರು ಅಂಗಗಳು ಲಿಂಗ, ಜಂಗಮ, ಗುರು. ವೀರಶೈವರಿಗೆ ಇವು ಪ್ರಾಣಕ್ಕಿಂತ ಹೆಚ್ಚಿನವು. ತನ್ನ ಒಡವೆ, ಉಡುಗೆ, ಅಧಿಕಾರಗಳಿಗಾಗಿ ಆಕೆ ಒಂದು ಮಾತನ್ನೂ ಕೇಳಲಿಲ್ಲ. ತನ್ನ ಪೂಜೆಗೆ, ತನ್ನವರ ಸತ್ಕಾರಕ್ಕೆ, ತನ್ನ ಗುರುವಿಗೆ ಎಡೆ ಕೇಳಿದಳು. ಅರಸನ ಬಲದ ಎದುರಿನಲ್ಲಿ ನಿಂತ ಒಬ್ಬ ಹೆಣ್ಣುಮಗಳು ಮದುವೆಗೆ ಮುನ್ನವೇ ಬಿಡುಗಡೆಯ ಬಾಗಿಲನ್ನು ಗುರುತಿಸಿಟ್ಟುಕೊಂಡಳು ಎಂಬುದೇ ಈ ಪ್ರಸಂಗದ ಶಕ್ತಿ. ಆಡಿದ ಮಾತಿನಂತೆ ಮೂರು ತಪ್ಪಿನವರೆಗೆ ಸೈರಿಸಿದ್ದು ಆಕೆಯ ಸತ್ಯ. ಮೂರನೆಯದಾದ ಮೇಲೆ ಒಂದು ಗಳಿಗೆಯೂ ನಿಲ್ಲದಿದ್ದುದು ಆಕೆಯ ವೈರಾಗ್ಯ. ಅಕ್ಕನ ವಿರಕ್ತಿಯು ಸಂಸಾರವನ್ನು ಕಾಣದವರ ವಿರಕ್ತಿಯಲ್ಲ, ಅದರ ನಡುಮನೆಯಲ್ಲಿ ನಿಂತು ಅದನ್ನು ತೂಗಿನೋಡಿದವರ ವಿರಕ್ತಿ ಎಂಬುದನ್ನು ಹರಿಹರನ ಕಥೆ ತೋರಿಸುತ್ತದೆ. ಮದುವೆಯನ್ನು ತೆಗೆದುಹಾಕಿದರೆ ಈ ಕಥೆ ಕುಸಿಯುತ್ತದೆ. ಚಾಮರಸನ ಕಥೆಗೆ ಅದನ್ನು ಸೇರಿಸಿದರೆ ಆ ಕಥೆ ಕುಸಿಯುತ್ತದೆ.

ಕೆಲವರು ಎರಡನ್ನೂ ಕೂಡಿಸಿ, ಮದುವೆಯೇನೋ ಆಯಿತು, ಆದರೆ ಅದು ಬರಿಯ ಹೆಸರಿಗೆ ಎಂದು ಸಮಾಧಾನ ಹೇಳುವುದುಂಟು. ಕೇಳುವವರಿಗೆ ಇದು ಹಿತವಾಗಿ ತೋರಬಹುದು. ಆದರೆ ಇದು ಹರಿಹರನ ಕಥೆಯೂ ಅಲ್ಲ, ಚಾಮರಸನ ಕಥೆಯೂ ಅಲ್ಲ. ತೇಪೆ ಹಾಕಿದ ಈ ಮೂರನೆಯ ಕಥೆಯಲ್ಲಿ ಹರಿಹರನ ಅಕ್ಕನ ಸೈರಣೆಯೂ ಉಳಿಯುವುದಿಲ್ಲ, ಚಾಮರಸನ ಅಕ್ಕನ ನಿರಾಕರಣೆಯೂ ಉಳಿಯುವುದಿಲ್ಲ.

ಇಲ್ಲಿ ಪ್ರಶ್ನೆ ಕೇಳಿದವರು ತಮ್ಮನ್ನು ತಾವೇ ಕೇಳಿಕೊಳ್ಳಬೇಕಾದ ಮಾತೊಂದಿದೆ. ಅಕ್ಕನಿಗೆ ಮದುವೆಯಾಗಿತ್ತೆಂದು ಓದಿದಾಗ ಮನಸ್ಸು ಏಕೆ ಕಸಿವಿಸಿಗೊಳ್ಳುತ್ತದೆ? ಮದುವೆಯಾದರೆ ಆಕೆಯ ಪಾವಿತ್ರ್ಯಕ್ಕೆ ಕುಂದು ಬರುತ್ತದೆಂಬ ಭಾವನೆ ಎಲ್ಲಿಂದ ಬಂತು? ಹರಿಹರನಂತೂ ಅದನ್ನು ಹೇಳಲಿಲ್ಲ. ಶರಣರ ಬಾಳೂ ಅದನ್ನು ಹೇಳುವುದಿಲ್ಲ. ಬಸವಣ್ಣನವರು ಗಂಗಾಂಬಿಕೆ ನೀಲಾಂಬಿಕೆಯರೊಡನೆ ಸಂಸಾರ ನಡೆಸಿದವರು. ಆಯ್ದಕ್ಕಿ ಮಾರಯ್ಯನವರನ್ನು ತಿದ್ದಿದವಳು ಅವರ ಪತ್ನಿ ಲಕ್ಕಮ್ಮ. ಗಂಡನ್ನು ಕುರಿತು ಎಂದೂ ಏಳದ ಅನುಮಾನ ಹೆಣ್ಣನ್ನು ಕುರಿತು ಮಾತ್ರ ಏಳುವುದಾದರೆ ಅದು ಶರಣಧರ್ಮದ ಪಾಠವಲ್ಲ, ಲೋಕದ ರೂಢಿಯಿಂದ ಬಂದ ಕಲೆ. ಕಾಮಲತೆಯೊಡನೆ ಬಾಳಿದ ಅಲ್ಲಮನನ್ನು ಓದಿ ಯಾರೂ ಪ್ರಭುದೇವರ ಪಾವಿತ್ರ್ಯಕ್ಕಾಗಿ ಅಂಜುವುದಿಲ್ಲ. ಅಕ್ಕನ ವಿಷಯದಲ್ಲಿ ಅಂಜುವುದೇಕೆ? ಈ ಪ್ರಶ್ನೆಗೆ ಉತ್ತರ ಕಾವ್ಯದಲ್ಲಿ ಸಿಕ್ಕುವುದಿಲ್ಲ, ಓದುಗನ ಅಂತರಂಗದಲ್ಲಿ ಸಿಕ್ಕಬೇಕು.

ಅರ್ಥದ ಪ್ರಶ್ನೆ: ಹೆಣ್ಣು ಮಾಯೆಯೆ?

ಮೂರನೆಯ ಸಂದೇಹವು ಇದರ ಬೆನ್ನಲ್ಲಿಯೇ ಬರುತ್ತದೆ. ಪ್ರಭುಲಿಂಗಲೀಲೆಯಲ್ಲಿ ಮಾಯೆಯನ್ನು ಹೆಣ್ಣಾಗಿ ಚಿತ್ರಿಸಿ ಸೋಲಿಸಿರುವುದರಿಂದ, ಹೆಣ್ಣೇ ಮಾಯೆಯೆಂಬುದು ಆ ಕಾವ್ಯದ ಅಭಿಪ್ರಾಯವೆ? ಜಗನ್ಮಾತೆಯಾದ ಪಾರ್ವತಿಯೇ ಭಕ್ತನನ್ನು ಕೆಡಿಸಲು ಮಾಯೆಯನ್ನು ಕಳುಹಿಸುವುದು ಯುಕ್ತವೆ?

ಕಾವ್ಯವನ್ನು ಅರ್ಧಕ್ಕೆ ನಿಲ್ಲಿಸಿದವರಿಗೆ ಹಾಗೆ ತೋರುವುದು ಸಹಜ. ಪೂರ್ತಿ ಓದಿದವರಿಗೆ ಬೇರೆಯದೇ ಕಾಣುತ್ತದೆ. ಬನವಸೆಯಲ್ಲಿ ಮಾಯೆಯಾಗಿ ಹುಟ್ಟಿದ್ದು ದೇವಿಯ ತಾಮಸಕಳೆ. ಉಡುತಡಿಯಲ್ಲಿ ಮಹಾದೇವಿಯಾಗಿ ಹುಟ್ಟಿದ್ದು ಅದೇ ದೇವಿಯ ಸಾತ್ತ್ವಿಕಕಳೆ. ಮಾಯೆಯೂ ಅಕ್ಕನೂ ಒಂದೇ ಶಕ್ತಿಯ ಎರಡು ಮುಖಗಳು. ಒಂದು ಮುಖ ಹಿಡಿಯಲು ಬಂದು ಸೋತಿತು. ಇನ್ನೊಂದು ಮುಖ ಎಲ್ಲವನ್ನೂ ಬಿಟ್ಟು ಬಂದು ಗೆದ್ದಿತು. ಹೀಗಿರುವಾಗ ಮಾಯೆಯ ಸೋಲನ್ನು ಹೆಣ್ಣಿನ ಸೋಲೆಂದು ಹೇಳಿದರೆ ಅಕ್ಕನ ಗೆಲವನ್ನು ಯಾರ ಗೆಲವೆಂದು ಹೇಳಬೇಕು? ಕೌಶಿಕನ ಕಥೆಯಲ್ಲಿ ಹಿಡಿಯಲು ಬಂದವನು ಗಂಡು, ಬಿಡಿಸಿಕೊಂಡು ಹೋದವಳು ಹೆಣ್ಣು. ಅಲ್ಲಿ ಕೌಶಿಕನೇ ಮಾಯೆಯ ಕೆಲಸವನ್ನು ಮಾಡುತ್ತಾನೆ. ಬನವಸೆಯ ಕಥೆಯನ್ನೂ ಉಡುತಡಿಯ ಕಥೆಯನ್ನೂ ಒಂದೇ ಕಾವ್ಯದಲ್ಲಿ ಇಟ್ಟ ಚಾಮರಸನು ಮಾಯೆಗೆ ಹೆಣ್ಣು ಗಂಡೆಂಬ ಭೇದವಿಲ್ಲವೆಂಬುದನ್ನು ಕಥೆಯ ಕಟ್ಟಿನಲ್ಲಿಯೇ ತೋರಿಸಿದ್ದಾನೆ. ಹೊನ್ನು ಹೆಣ್ಣು ಮಣ್ಣುಗಳು ಮಾಯೆಯಲ್ಲ, ಮನಸ್ಸಿನ ಆಸೆಯೇ ಮಾಯೆಯೆಂಬುದು ಪ್ರಭುದೇವರ ವಚನದ ತಾತ್ಪರ್ಯವಲ್ಲವೆ? ಕಾವ್ಯವು ಅದಕ್ಕೆ ಭಾಷ್ಯದಂತಿದೆ.

ಪ್ರಶ್ನೆಯನ್ನು ಮೊದಲು ಕೇಳಿದವರು

ಶೂನ್ಯಸಂಪಾದನೆಯನ್ನು ಇಲ್ಲಿ ನೆನೆಯದಿದ್ದರೆ ಮಾತು ಅಪೂರ್ಣವಾಗುತ್ತದೆ. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನವರು ಮೊದಲು ಸಂಪಾದಿಸಿ, ಅನಂತರ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರ ಸಿದ್ಧವೀರಣ್ಣೊಡೆಯರು ಪರಿಷ್ಕರಿಸಿದ ಈ ಗ್ರಂಥವು ಶರಣರ ವಚನಗಳನ್ನು ಸಂವಾದದ ಸೂತ್ರದಲ್ಲಿ ಪೋಣಿಸಿದೆ. ಅಕ್ಕ ಕಲ್ಯಾಣಕ್ಕೆ ಬಂದಾಗ ಪ್ರಭುದೇವರು ಅವಳನ್ನು ತಡೆದು ಕೇಳುವ ಪ್ರಶ್ನೆಗಳಲ್ಲಿ ಪತಿಯನ್ನು ಕುರಿತ ಪ್ರಶ್ನೆ ಮುಖ್ಯವಾದುದು. ಗಂಡನಾರೆಂದು ಹೇಳಿದರೆ ಸಭೆಯಲ್ಲಿ ಕುಳಿತುಕೋ, ಇಲ್ಲವಾದರೆ ತೊಲಗು ಎಂಬ ಕಟುವಾದ ಮಾತು ಅದು. ಸಭೆಯೆಲ್ಲ ಕಿವಿಗೊಟ್ಟು ಕೇಳುತ್ತಿರುವಾಗ ಅಕ್ಕ ಕೌಶಿಕನ ಲೆಕ್ಕವನ್ನು ಒಪ್ಪಿಸಲು ನಿಲ್ಲುವುದಿಲ್ಲ. ಚೆನ್ನಮಲ್ಲಿಕಾರ್ಜುನನ ಹೆಸರನ್ನು ಹೇಳುತ್ತಾಳೆ. ಪ್ರಭುದೇವರು ಮತ್ತೂ ಕೆಣಕುತ್ತಾರೆ. ಅವಳು ಮತ್ತೂ ಒಳಗಿನಿಂದಲೇ
ಉತ್ತರಿಸುತ್ತಾಳೆ. ಕೊನೆಗೆ ಪರೀಕ್ಷಿಸಿದವರೇ ತಲೆದೂಗುತ್ತಾರೆ.

ಪ್ರವಚನ ಮುಗಿದ ಮೇಲೆ ಶ್ರೋತೃವು ಮೆಲ್ಲನೆ ಕೇಳುವ ಪ್ರಶ್ನೆಯನ್ನು ಹೀಗೆ ಪ್ರಭುದೇವರೇ ತುಂಬಿದ ಸಭೆಯಲ್ಲಿ ಕೇಳಿದ್ದರು. ಆದುದರಿಂದ ಕೇಳುವುದರಲ್ಲಿ ತಪ್ಪಿಲ್ಲ, ಸಂಕೋಚಕ್ಕೂ ಕಾರಣವಿಲ್ಲ. ಆದರೆ ಪ್ರಭುದೇವರು ಕೇಳಿದ್ದು ಅಕ್ಕನ ಪೂರ್ವಕಥೆಯನ್ನು ತಿಳಿಯಲು ಅಲ್ಲ, ಆಕೆ ಈಗ ಎಲ್ಲಿ ನಿಂತಿದ್ದಾಳೆಂಬುದನ್ನು ಸಭೆಗೆ ತಿಳಿಸಲು.

ಓದುಗರು ಇದರಿಂದ ಕಲಿಯಬಹುದಾದ ಕ್ರಮವು ಸರಳವಾಗಿದೆ. ಪರೀಕ್ಷೆಯಲ್ಲಾಗಲಿ ಪ್ರವಚನದಲ್ಲಾಗಲಿ ಹರಿಹರನ ಕಥೆಯನ್ನು ಹರಿಹರನದೆಂದೂ ಚಾಮರಸನ ಕಥೆಯನ್ನು ಚಾಮರಸನದೆಂದೂ ಹೆಸರಿಟ್ಟು ಹೇಳಬೇಕು. ಒಂದರ ಸಂಗತಿಯನ್ನು ಇನ್ನೊಂದಕ್ಕೆ ಬೆಸೆಯಬಾರದು. ಕಥೆಗಳು ಬೇರೆಯಾದಲ್ಲಿ, ಕವಿಯು ಏನನ್ನು ಕಾಣಿಸಲು ಹೀಗೆ ಹೇಳಿದನೆಂದು ವಿಚಾರಿಸಬೇಕು. ಕಥೆಯೊಂದು ಮನಸ್ಸಿಗೆ ಒಗ್ಗದೆ ಹೋದರೆ, ಅದನ್ನು ತಿದ್ದುವ ಮುನ್ನ ಆ ಮನಸ್ಸನ್ನೊಮ್ಮೆ ಪರೀಕ್ಷಿಸಿಕೊಳ್ಳಬೇಕು. ಉಡುತಡಿಯ ಅರಮನೆಯಲ್ಲಿ ನಿಜವಾಗಿ ನಡೆದುದೇನೆಂಬುದನ್ನು ಬಲ್ಲವಳು ಅಕ್ಕ ಒಬ್ಬಳೇ. ಆಕೆ ಅದನ್ನು ಅಲ್ಲಿಯೇ, ಕಳಚಿಟ್ಟ ಉಡುಗೆಯ ಜೊತೆಯಲ್ಲಿ ಬಿಟ್ಟು ಬಂದಳು. ಹಿಂದೆ ಬಿಟ್ಟದ್ದನ್ನು ಹುಡುಕಲು ಹೋದ ಓದುಗನು, ಆಕೆ ಕೈಯಲ್ಲಿ ಹಿಡಿದು ತಂದ ಲಿಂಗದ ಕಡೆಗೆ ನೋಡುವುದನ್ನು ಮರೆಯಬಾರದು.